ರಂಧ್ರವೊಂದೇ ನಾಲೆಯಲ್ಲ

ಪೊಟ್ಯಾಸಿಯಮ್ ನಾಲೆಯ ವಿವರಣೆಗೆ ನಮ್ಮ ಪಾಠಗಳಲ್ಲೂ ಜನಪ್ರಿಯ ಲೇಖನಗಳಲ್ಲೂ ಒಂದು ಸಿದ್ಧ ಚಿತ್ರವಿದೆ. ಕೋಶಪೊರೆ, ಅದರಲ್ಲೊಂದು ರಂಧ್ರ, ರಂಧ್ರಕ್ಕೊಂದು ಬಾಗಿಲು. ರಾಡರಿಕ್ ಮೆಕಿನನ್ ಅವರಿಗೆ 2003ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂದ ಮೇಲೆ ಈ ಚಿತ್ರ ಇನ್ನಷ್ಟು ಗಟ್ಟಿಯಾಯಿತು. 1998ರಲ್ಲಿ ಅವರ ತಂಡ ಬ್ಯಾಕ್ಟೀರಿಯವೊಂದರ ನಾಲೆಯ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ, ದೊಡ್ಡದಾದ ಪೊಟ್ಯಾಸಿಯಮ್ ಅಯಾನು ನುಸುಳುವ ದಾರಿಯಲ್ಲಿ ಚಿಕ್ಕದಾದ ಸೋಡಿಯಮ್ ಏಕೆ ನುಸುಳದು ಎಂಬುದನ್ನು ತೋರಿಸಿತು. ನೀರಿನಲ್ಲಿ ಪೊಟ್ಯಾಸಿಯಮ್ಮನ್ನು ಸುತ್ತುವರಿಯುವ ಆಕ್ಸಿಜನ್‌ಗಳ ಸ್ಥಾನವನ್ನೇ ಪ್ರೋಟೀನಿನ ಆಕ್ಸಿಜನ್‌ಗಳು ತುಂಬುತ್ತವೆ. ಸೋಡಿಯಮ್‌ಗೆ ಆ ಅಳತೆ ಹೊಂದುವುದಿಲ್ಲ. ಸ್ಥಿರವಿದ್ಯುತ್ತಿನ ಪಾಠಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಸಿಕ್ಕಿಲ್ಲ.

ನನ್ನ ಆಕ್ಷೇಪ ರಚನೆಯ ಮೇಲಲ್ಲ, ಅದರಲ್ಲೇ ಕಥೆ ಮುಗಿಯಿತೆಂಬ ಧೋರಣೆಯ ಮೇಲೆ. ಯಾವ ಅಯಾನು ಹೋಗುತ್ತದೆ ಎಂಬುದಕ್ಕೆ ರಂಧ್ರ ಉತ್ತರ ಕೊಡುತ್ತದೆ. ಯಾವಾಗ, ಎಷ್ಟು ಬೇಗ, ಯಾವ ಅಂಗದಲ್ಲಿ ಎಂಬ ಪ್ರಶ್ನೆಗಳಿಗೆ ಬಹಳ ಸಲ ಉತ್ತರ ಕೊಡುವುದು ರಂಧ್ರಕ್ಕೆ ಅಂಟಿಕೊಂಡಿರುವ ಬೇರೆ ಪ್ರೋಟೀನುಗಳು, ಅಂದರೆ ನಿಯಂತ್ರಕ ಉಪಘಟಕಗಳು. ಇವನ್ನು 'ಸಹಾಯಕ' ಎಂದು ಕರೆಯುವ ರೂಢಿಯೇ ದಾರಿ ತಪ್ಪಿಸುವಂಥದ್ದು.

1988ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಮೂತ್ರಪಿಂಡದಿಂದ ಒಂದು ಪುಟ್ಟ ಪ್ರೋಟೀನನ್ನು ಗುರುತಿಸಿದರು. ಬರೀ 130 ಅಮೈನೊ ಆಮ್ಲಗಳು. ಪೊರೆಯನ್ನು ಒಂದೇ ಒಂದು ಸಲ ದಾಟುವ ಎಳೆ. ಅದರ ಆರ್‌ಎನ್‌ಎಯನ್ನು ಆಫ್ರಿಕದ ಕಪ್ಪೆಯೊಂದರ ಅಂಡಕೋಶಕ್ಕೆ ಚುಚ್ಚಿದಾಗ ನಿಧಾನವಾಗಿ ಏರುವ ಪೊಟ್ಯಾಸಿಯಮ್ ಪ್ರವಾಹ ಕಂಡಿತು. ಮಿನ್‌ಕೆ ಎಂದು ಹೆಸರಾದ ಇದನ್ನೇ ನಾಲೆ ಎಂದು ಬಗೆಯಲಾಯಿತು. ಪ್ರೋಟೀನಿನಲ್ಲಿ ಅಲ್ಲೊಂದು ಇಲ್ಲೊಂದು ಅಮೈನೊ ಆಮ್ಲ ಬದಲಿಸಿದರೆ ಪ್ರವಾಹದ ಗುಣವೂ ಬದಲಾಗುತ್ತಿತ್ತು. ಇನ್ನೇನು ಸಾಕ್ಷ್ಯ ಬೇಕು ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅನುಮಾನಕ್ಕೂ ಕಾರಣವಿತ್ತು. ಆರ್‌ಎನ್‌ಎ ಹೆಚ್ಚಿಸುತ್ತ ಹೋದರೆ ಪ್ರವಾಹ ಒಂದು ಮಿತಿಗೆ ಬಂದು ನಿಲ್ಲುತ್ತಿತ್ತು. ಭೌತವಿಜ್ಞಾನದ ವಿದ್ಯಾರ್ಥಿ ಇಂಥ ವಕ್ರರೇಖೆ ಕಂಡೊಡನೆ ಕೇಳಬೇಕು: ಮುಗಿದುಹೋಗುತ್ತಿರುವ ಇನ್ನೊಂದು ವಸ್ತು ಯಾವುದು?

ಉತ್ತರ ಬಂದದ್ದು 1996ರಲ್ಲಿ. ಫ್ರಾನ್ಸ್ ಮತ್ತು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದವು. ರಂಧ್ರ ಬೇರೊಂದು ಪ್ರೋಟೀನಿನದು. ಇಂದು ಅದರ ಹೆಸರು ಕೆಸಿಎನ್‌ಕ್ಯು1. ಕಪ್ಪೆಯ ಅಂಡಕೋಶದಲ್ಲಿ ಅದರ ಸ್ವಂತ ಪ್ರತಿ ಮೊದಲೇ ಇತ್ತು! ಮಿನ್‌ಕೆ ಅದರೊಡನೆ ಕೂಡಿ ಪ್ರವಾಹವನ್ನು ಹಲವು ಪಟ್ಟು ಹೆಚ್ಚಿಸಿ, ತೆರೆಯುವ ವೇಗವನ್ನು ಸೆಕೆಂಡುಗಳ ಮಟ್ಟಕ್ಕೆ ಇಳಿಸುತ್ತಿತ್ತು. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ಕೊಟ್ಟ ಸಮೀಕರಣಗಳ ಭಾಷೆಯಲ್ಲಿ ಹೇಳುವುದಾದರೆ, ಉಪಘಟಕ ಕೈಹಾಕುವುದು ದರ ಸ್ಥಿರಾಂಕಗಳಿಗೇ. ಹೃದಯದ ಪ್ರತಿ ಬಡಿತದ ಕೊನೆಯಲ್ಲಿ ಪೊರೆಯ ವಿಭವಾಂತರವನ್ನು ಮೊದಲಿನ ಸ್ಥಿತಿಗೆ ತರುವ ಪ್ರವಾಹಗಳಲ್ಲಿ ಇದೂ ಒಂದು.

ಅದೇ ರಂಧ್ರಕ್ಕೆ ಮಿನ್‌ಕೆ ಬದಲು ಅದರ ದಾಯಾದಿ ಕೆಸಿಎನ್‌ಇ3 ಜೋಡಿಯಾದರೆ ನಾಲೆ ಸದಾ ತೆರೆದೇ ಇರುತ್ತದೆ. ಕರುಳಿನಲ್ಲಿ ನಡೆಯುವುದು ಹೀಗೆ. ರಂಧ್ರದ ಚಿತ್ರವೊಂದನ್ನೇ ಬರೆದು ಈ ವ್ಯತ್ಯಾಸವನ್ನು ಹೇಗೆ ವಿವರಿಸುವುದು?

ಆದರೂ ಉಪಘಟಕಗಳ ಪರವಾಗಿ ಬರೆದವರ ಉತ್ಸಾಹವೂ ವಿಮರ್ಶೆಗೆ ಹೊರತಲ್ಲ. ಅಂಡಕೋಶಕ್ಕೆ ಎರಡು ಪ್ರೋಟೀನುಗಳನ್ನು ಧಾರಾಳವಾಗಿ ತುಂಬಿದರೆ ದೇಹದಲ್ಲಿ ಎಂದೂ ಭೇಟಿಯಾಗದವೂ ಕೈಹಿಡಿಯಬಹುದು. ಕೆಸಿಎನ್‌ಇ2 ಹೃದಯದ ಇನ್ನೊಂದು ನಾಲೆಯಾದ ಹರ್ಗ್‌ನ ಸಂಗಾತಿ ಎಂದು 1999ರಲ್ಲಿ ಬಂದ ವರದಿಯ ಬಗ್ಗೆ ಭಿನ್ನಾಭಿಪ್ರಾಯ ಉಳಿದಿದೆ. ನಾಲ್ಕು ಕೆಸಿಎನ್‌ಕ್ಯು1 ಘಟಕಗಳಿಗೆ ಮಿನ್‌ಕೆ ಎರಡೋ ನಾಲ್ಕೋ ಎಂಬ ಲೆಕ್ಕದಲ್ಲೂ ಪ್ರಯೋಗಶಾಲೆಗಳು ಕಿತ್ತಾಡಿವೆ.

ರೋಗದ ಮಾತಿಗೆ ಬಂದರೆ ಇದು ಪಾಂಡಿತ್ಯದ ಜಗಳವಾಗಿ ಉಳಿಯುವುದಿಲ್ಲ. 1957ರಲ್ಲಿ ನಾರ್ವೆಯ ವೈದ್ಯರಾದ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬವನ್ನು ವರ್ಣಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು, ಆಗಾಗ ಎಚ್ಚರ ತಪ್ಪುವವರು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡರು. ಕಿವಿಗೂ ಹೃದಯಕ್ಕೂ ಏನು ನಂಟು? ಒಳಗಿವಿಯ ದ್ರವಕ್ಕೆ ಪೊಟ್ಯಾಸಿಯಮ್ ಸುರಿಯುವುದೂ ಇದೇ ಜೋಡಿ ನಾಲೆ. ಜೋಡಿಯಲ್ಲಿ ಯಾವುದರ ಜೀನಿನ ಎರಡು ಪ್ರತಿಗಳೂ ಕೆಟ್ಟರೂ ಕಾಯಿಲೆ ಬರುತ್ತದೆ ಎಂಬುದು 1997ರಲ್ಲಿ ತಿಳಿಯಿತು. ರಂಧ್ರ ಸರಿಯಿದ್ದು 'ಸಹಾಯಕ' ಕೆಟ್ಟರೂ ಸಾಕು. ಸೋದರ ಸಂಬಂಧದ ಮದುವೆಗಳು ರೂಢಿಯಲ್ಲಿರುವ ನಮ್ಮ ನಾಡಿನಲ್ಲಿ ಇಂಥ ಅಪ್ರಬಲ ಜೀನುಗಳು ಜೊತೆಗೂಡುವ ಸಾಧ್ಯತೆ ಹೆಚ್ಚು. ಕಿವುಡ ಮಗುವೊಂದು ಓಡುವಾಗಲೋ ಬೆಚ್ಚಿದಾಗಲೋ ಎಚ್ಚರ ತಪ್ಪಿ ಬಿದ್ದರೆ ಅದನ್ನು ಮೂರ್ಛೆರೋಗ ಎಂದು ಬಿಟ್ಟುಬಿಡದೆ ಒಮ್ಮೆ ಇಸಿಜಿ ಮಾಡಿಸಬೇಕು. ಶಾಲೆಯ ಶಿಕ್ಷಕರಿಗೆ ಇದು ತಿಳಿದಿರಲಿ.

ಮಧುಮೇಹದ ಉದಾಹರಣೆ ಇನ್ನೂ ಹತ್ತಿರದ್ದು. ಇನ್ಸುಲಿನ್ ಸ್ರವಿಸುವ ಕೋಶದ ನಾಲೆಯಲ್ಲಿ ನಾಲ್ಕು ರಂಧ್ರ ಘಟಕಗಳ ಜೊತೆಗೆ ನಾಲ್ಕು ಎಸ್‌ಯುಆರ್1 ಘಟಕಗಳಿವೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನಾಲೆಯನ್ನು ಮುಚ್ಚುವುದು ಈ ಎರಡನೆಯದಕ್ಕೆ ಅಂಟಿಕೊಂಡು. ಎಳೆ ಕೂಸುಗಳಲ್ಲಿ ಕಾಣುವ ಒಂದು ಬಗೆಯ ಮಧುಮೇಹಕ್ಕೆ ರಂಧ್ರ ಘಟಕದ ದೋಷ ಕಾರಣವೆಂದು 2004ರಲ್ಲಿ ಗೊತ್ತಾಯಿತು. 2006ರ ಅಧ್ಯಯನವೊಂದರಲ್ಲಿ ಅಂಥ 49 ರೋಗಿಗಳಿಗೆ ಇದೇ ಗುಂಪಿನ ಮಾತ್ರೆ ಕೊಟ್ಟಾಗ 44 ಮಂದಿ ಇನ್ಸುಲಿನ್ ಚುಚ್ಚುಮದ್ದು ನಿಲ್ಲಿಸಿದರು. ದೋಷ ಇದ್ದದ್ದು ರಂಧ್ರದಲ್ಲಿ, ಮದ್ದು ಹಿಡಿದದ್ದು ಅದರ ಪಕ್ಕದ ಪ್ರೋಟೀನನ್ನು.