ಪಿತ್ರಾರ್ಜಿತ ಕಾಣದ ಕಿಟಕಿ

ನಮ್ಮವರ ಮಕ್ಕಳಲ್ಲಿ ಅನೇಕರು ಇಂದು ಹೈಟೆಕ್ ಸಿಟಿಯ ಕಡೆ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾರೆ. ಬರೆಯುವುದೆಂದು ಹೆಸರೇ ಹೊರತು, ದಿನದ ಹೆಚ್ಚು ಹೊತ್ತು ಹೋಗುವುದು ಇನ್ನೊಬ್ಬರು ಬರೆದಿಟ್ಟದ್ದನ್ನು ಓದುವುದರಲ್ಲಿಯೇ. ಹಾಗಿರುವಾಗ ಆ ಓದಿನ ಸಾಧನವನ್ನೂ ಪುಸ್ತಕದಂತೆ ವಿಮರ್ಶೆಗೆ ಎತ್ತಿಕೊಳ್ಳುವುದು ತಪ್ಪಲ್ಲವೆಂದು ನಮಗೆ ತೋರುತ್ತದೆ.

ನಾವು ಆರಿಸಿಕೊಂಡಿರುವುದು ಸ್ಮಾಲ್‌ಟಾಕ್ ಭಾಷೆಯ ಕ್ಲಾಸ್ ಬ್ರೌಸರ್. ಪಾಲೋ ಆಲ್ಟೋದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಇದನ್ನು ರೂಪಿಸಿದವರು ಲ್ಯಾರಿ ಟೆಸ್ಲರ್. ಇಂದು ಎಲ್ಲರೂ ಮಾಡುವ ಕಟ್-ಕಾಪಿ-ಪೇಸ್ಟಿಗೂ ಅವರದೇ ಹೆಸರು. ಸ್ಮಾಲ್‌ಟಾಕ್-80ರಲ್ಲಿ ಇದರ ರೂಪ ನೆಲೆಗೊಂಡಿತು. ಮೇಲೆ ನಾಲ್ಕು ಅಂಕಣ: ವಿಭಾಗ, ಕ್ಲಾಸ್, ಮೆಥಡ್‌ಗಳ ಗುಂಪು, ಮೆಥಡ್. ಕೆಳಗೆ, ಆರಿಸಿದ ಮೆಥಡ್‌ನ ಪಠ್ಯ. ನಾಂಪಲ್ಲಿಯ ನುಮಾಯಿಷ್ ಸುತ್ತಿದವರಿಗೆ ಈ ಕ್ರಮ ಹೊಸದಲ್ಲ. ಸಾಲು ಹಿಡಿದು, ಮಳಿಗೆ ಹಿಡಿದು, ಅಲ್ಲಿ ಸೀರೆಯ ಅಟ್ಟಿ ಹಿಡಿದು, ಕೊನೆಗೆ ಒಂದು ಸೀರೆಗೆ ಕೈ ಹಾಕಿದಂತೆ.

ಗುಣವನ್ನು ಮೊದಲು ಹೇಳಬೇಕು. ಉದ್ದನೆಯ ಕಾಗದದ ಸುರುಳಿಯಾಗಿದ್ದ ಪ್ರೋಗ್ರಾಂ ಇಲ್ಲಿ ನಿಘಂಟಿನಂತೆ ಬೇಕಾದಲ್ಲಿ ತೆರೆಯುವ ವಸ್ತುವಾಯಿತು. ಸ್ಮಾಲ್‌ಟಾಕ್ ಮಂದಿ ಮೆಥಡ್‌ಗಳನ್ನು ನಾಲ್ಕಾರು ಸಾಲಿನಲ್ಲಿ ಮುಗಿಸುವ ಶಿಸ್ತಿಗೆ ಈ ಪುಟ್ಟ ಕಿಟಕಿಯೂ ಕಾರಣವಿರಬೇಕು.

ಆದರೆ ಈ ಭಾಷೆಯ ಜೀವವೇ ಪಿತ್ರಾರ್ಜಿತ. ಒಂದು ಕ್ಲಾಸ್ ತನ್ನ ಹಿರಿಯ ಕ್ಲಾಸಿನ ವಿದ್ಯೆಯನ್ನೆಲ್ಲ ಕೇಳದೆಯೇ ಪಡೆಯುತ್ತದೆ. ಬ್ರೌಸರಿನ ಅಂಕಣದಲ್ಲಿ ಕಾಣುವುದು ಮಾತ್ರ ಸ್ವಯಾರ್ಜಿತ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಯೊಂದರ ಪಾತ್ರೆಪಡಗಗಳ ಪಟ್ಟಿ ಮಾಡಿ, ‘ಈ ಮನೆಯವರ ಬದುಕು ಇಷ್ಟೇ’ ಎಂದರೆ ಒಪ್ಪುತ್ತೇವೆಯೆ? ಒಲೆಯ ಮುಂದಿನ ಕೈರುಚಿ, ಮಾತಿನ ಧಾಟಿ ಯಾವ ಪಟ್ಟಿಯಲ್ಲಿವೆ?

ಒಂದು ಉದಾಹರಣೆ. ‘ಆರ್ಡರ್ಡ್ ಕಲೆಕ್ಷನ್’ ಎಂಬ ಕ್ಲಾಸಿಗೆ ತನ್ನಲ್ಲಿರುವ ಅಂಕಿಗಳನ್ನು ‘ಇಂಜೆಕ್ಟ್-ಇಂಟು’ ಮೆಥಡ್‌ನಿಂದ ಕೂಡಿಸಲು ಬರುತ್ತದೆ. ಅದರ ಅಂಕಣದಲ್ಲಿ ಹುಡುಕಿದರೆ ಆ ಹೆಸರಿಲ್ಲ. ಅದು ಎರಡು ತಲೆ ಮೇಲಿನ ‘ಕಲೆಕ್ಷನ್’ ಕ್ಲಾಸಿನ ಸೊತ್ತು. ಹೊಸಬನು ಇಲ್ಲವೆಂದುಕೊಂಡು ಅದನ್ನೇ ಮತ್ತೆ ಬರೆಯುತ್ತಾನೆ. ವಂಶಾವಳಿ ತೋರಿಸುವ ಮೆನು ಉಂಟು, ನಿಜ. ಕೇಳಿದರೆ ಹೇಳುತ್ತದೆ; ಕೇಳಬೇಕೆಂಬುದು ಅವನಿಗೆ ಹೊಳೆಯಬೇಕಲ್ಲ!

ಹಾಗೆಂದು ಎಲ್ಲವನ್ನೂ ಒಮ್ಮೆಗೇ ಸುರಿಯುವುದೂ ಸಲ್ಲದು. ಎಲ್ಲಕ್ಕೂ ಮೂಲವಾದ ‘ಆಬ್ಜೆಕ್ಟ್’ ಕ್ಲಾಸಿನ ಮೆಥಡ್‌ಗಳೇ ಪ್ರತಿ ಅಂಕಣವನ್ನೂ ತುಂಬಿಬಿಟ್ಟಾವು. ಸ್ವಂತದ್ದನ್ನು ಗಾಢ ಅಕ್ಷರದಲ್ಲಿ, ಬಂದದ್ದನ್ನು ಮಾಸಲು ಅಕ್ಷರದಲ್ಲಿ, ಕೊಟ್ಟ ಹಿರಿಯರ ಹೆಸರಿನೊಡನೆ ಇಟ್ಟು, ಆಬ್ಜೆಕ್ಟ್ ಒಂದನ್ನು ಮಾತ್ರ ಮಡಿಚಿಡುವುದು ಮೇಲೆಂದು ನಮ್ಮ ಮತ.

ಒಂದು ಸಂದೇಶವನ್ನು ಯಾರು ಯಾರು ಕಳಿಸುತ್ತಾರೆ, ಯಾವ ಯಾವ ಕ್ಲಾಸ್ ಅದಕ್ಕೆ ಉತ್ತರ ಬರೆದಿಟ್ಟಿದೆ ಎಂದು ಕ್ಷಣದಲ್ಲಿ ಪಟ್ಟಿ ಕೊಡುವ ಸೌಲಭ್ಯವೂ ಸ್ಮಾಲ್‌ಟಾಕ್‌ನಲ್ಲಿದೆ. ನಾಲ್ಕು ಅಂಕಣಗಳಿಗಿಂತ ಇದನ್ನೇ ನಾವು ಹೆಚ್ಚೆಂದು ಎಣಿಸುತ್ತೇವೆ. ಆದರೂ ಮುಂದಿನವರ ಕಣ್ಣಿಗೆ ಬಿದ್ದದ್ದು ಅಂಕಣಗಳೇ. 2001ರಲ್ಲಿ ಬಂದ ಎಕ್ಲಿಪ್ಸ್ ಜಾವಾ ಭಾಷೆಗೂ ಅಂಥವೇ ನಾಲ್ಕನ್ನು ಜೋಡಿಸಿತು. ಅದರಲ್ಲಿ ಕಂಟ್ರೋಲ್-ಓ ಕೀಲಿ ಒತ್ತಿದರೆ ಕಿರುಪಟ್ಟಿಯೊಂದು ತೆರೆಯುತ್ತದೆ. ಹಿರಿಯರಿಂದ ಬಂದದ್ದು ಅಲ್ಲಿಯೂ ಎರಡನೆಯ ಸಲ ಒತ್ತಿದ ಮೇಲೆಯೇ ಕಾಣುವುದು.