ದಾರಿಯ ಬರಹ, ದಾರಿಬದಿಯ ಕಥೆ: ಗಿಲ್ಗಿಟ್ ಸೀಮೆಯ ಪ್ರವಾಸ ಕಥನಗಳ ಒಂದು ಜಾನಪದೀಯ ವಿಮರ್ಶೆ

೧

ಕಾರಕೋರಂ ಪರ್ವತಶ್ರೇಣಿಯ ಗಿಲ್ಗಿಟ್, ಹುಂಜಾ, ಚಿಲಾಸ್, ದರೇಲ್ ಕಣಿವೆಗಳನ್ನು ನೆಲಮಾರ್ಗವಾಗಿ ದಾಟಿದವರು ಹದಿನಾರು ಶತಮಾನಗಳಿಂದ ಆ ದಾರಿಯನ್ನು ಕುರಿತು ಬರೆಯುತ್ತ ಬಂದಿದ್ದಾರೆ. ಇಂದು ಪಾಕಿಸ್ತಾನದ ಆಡಳಿತದಲ್ಲಿದ್ದು, ಭಾರತವು ತನ್ನದೆಂದು ಪ್ರತಿಪಾದಿಸುವ ಈ ಸೀಮೆಯು ಮಧ್ಯ ಏಷ್ಯಾದಿಂದ ಸಿಂಧೂ ಬಯಲಿಗೆ ಇಳಿಯುವ ಹಳೆಯ ಮಾರ್ಗಗಳ ಕೂಡುನೆಲ. ಬೌದ್ಧ ಯಾತ್ರಿಕರು, ವರ್ತಕರು, ವಸಾಹತು ಅಧಿಕಾರಿಗಳು, ಪುರಾತತ್ತ್ವಜ್ಞರು, ಪತ್ರಕರ್ತರು, ಕೊನೆಗೆ ಸೈಕಲ್ ಮೇಲೆ ಬಂದ ಸಾಹಸಿಗಳು ಇಲ್ಲಿಯ ಕಥನಗಳನ್ನು ಕಟ್ಟಿದ್ದಾರೆ. ಕಾಲ, ಭಾಷೆ, ಉದ್ದೇಶಗಳು ಬೇರೆಯಾದರೂ ಈ ಕಥನಗಳಲ್ಲಿ ಎರಡು ಭಾವನೆಗಳು ಮತ್ತೆ ಮತ್ತೆ ಎದುರಾಗುತ್ತವೆ: ಈ ನೆಲ ದುರ್ಗಮವಾದುದು, ಈ ನೆಲ ಪ್ರಾಚೀನವಾದುದು.

ಈ ಎರಡು ವಿಶೇಷಣಗಳನ್ನು ಪರಿಶೀಲನೆಗೆ ಒಳಪಡಿಸಬೇಕಾಗಿದೆ. ದುರ್ಗಮವೆಂಬುದು ಬೆಟ್ಟದ ಗುಣವೆಂಬಂತೆ ಬಳಕೆಯಾಗುತ್ತದೆ. ಬಹುಮಟ್ಟಿಗೆ ಅದು ಹೊರಗಿನಿಂದ ಬಂದವನ ಕಾಲಿನ ಅನುಭವ. ಪ್ರಾಚೀನವೆಂಬುದು ಕಲ್ಲಿನ ಗುಣವೆಂಬಂತೆ ತೋರುತ್ತದೆ. ಅದನ್ನು ಅಳೆಯುವ ಕೋಲು ಮಾತ್ರ ಓದುವವನ ಗ್ರಂಥಜ್ಞಾನ. ಅಲ್ಲಿಯೇ ಹುಟ್ಟಿ ಬಾಳಿದವರು ತಮ್ಮ ಬೆಟ್ಟವನ್ನೂ ತಮ್ಮ ಕಲ್ಲನ್ನೂ ಹೇಗೆ ಕಥೆಯಾಗಿ ಹೇಳಿಕೊಂಡಿದ್ದಾರೆ ಎಂಬ ಪ್ರಶ್ನೆ ಈ ನಡುವೆ ಕೈಬಿಟ್ಟುಹೋಗುತ್ತದೆ. ದಾರಿ ನಡೆದವರ ಬರಹವನ್ನು ದಾರಿಬದಿಯವರ ಕಥೆಯೊಂದಿಗೆ ಕೂಡಿಸಿ ಓದಿದಾಗ ಮಾತ್ರ ಈ ನೆಲದ ಚರಿತ್ರೆ ಪೂರ್ಣವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

೨

ಈ ಪರಂಪರೆಯ ಮೊದಲ ದೊಡ್ಡ ಹೆಸರು ಚೀನೀ ಯಾತ್ರಿಕ ಫಾಹಿಯಾನ್. ಕ್ರಿ.ಶ. ೩೯೯ರಲ್ಲಿ ಚಾಂಗಾನ್ ನಗರದಿಂದ ಹೊರಟ ಈ ಭಿಕ್ಷು ಸಿಂಧೂ ಕಮರಿಯನ್ನು ದಾಟಿದ ಬಗೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಕಡಿದಾದ ಬಂಡೆಗಳ ಅಂಚು, ಕೆಳಗೆ ನೋಡಿದರೆ ತಲೆಸುತ್ತುವ ಆಳ, ಹಿಂದಿನವರು ಬಂಡೆಗೆ ಅಳವಡಿಸಿದ ೭೦೦ರಷ್ಟು ಮೆಟ್ಟಿಲುಗಳು, ೮೦ ಹೆಜ್ಜೆ ಅಗಲದ ನದಿಯ ಮೇಲೆ ತೂಗುವ ಹಗ್ಗದ ಸೇತುವೆ ಇವೆಲ್ಲ ಅವನ ಕಥನದಲ್ಲಿ ಬರುತ್ತವೆ. ನಂತರದ ಪ್ರವಾಸ ಸಾಹಿತ್ಯವು ಹೆಚ್ಚಾಗಿ ನೆನೆಯುವುದು ಭಯವನ್ನು ಚಿತ್ರಿಸುವ ಈ ಭಾಗವನ್ನೇ.

ಅದೇ ಪ್ರಸಂಗದಲ್ಲಿ ಇನ್ನೊಂದು ಮಹತ್ವದ ಸಂಗತಿಯಿದೆ. ಬೌದ್ಧಧರ್ಮವು ಪೂರ್ವದೇಶಕ್ಕೆ ಯಾವಾಗ ಹೋಯಿತೆಂದು ಅಲ್ಲಿಯ ಭಿಕ್ಷುಗಳು ಫಾಹಿಯಾನ್‌ನನ್ನು ಕೇಳುತ್ತಾರೆ. ಅವನು ಯಾವ ಗ್ರಂಥವನ್ನೂ ಮುಂದೊಡ್ಡುವುದಿಲ್ಲ. ದಾರಿಯುದ್ದಕ್ಕೂ ತಾನು ವಿಚಾರಿಸಿದ ಜನರು ತಮ್ಮ ಹಿರಿಯರಿಂದ ಕೇಳಿದ ಮಾತನ್ನು ಮುಂದಿಡುತ್ತಾನೆ. ಮೈತ್ರೇಯನ ಪ್ರತಿಮೆ ಸ್ಥಾಪನೆಯಾದ ಮೇಲೆ ಭಾರತದ ಶ್ರಮಣರು ಸೂತ್ರಗಳನ್ನು ಹೊತ್ತು ಈ ನದಿಯನ್ನು ದಾಟಿದರೆಂಬುದು ಆ ಮಾತು. ಈ ಪ್ರತಿಮೆಯನ್ನು ವಿದ್ವಾಂಸರು ದರೇಲ್ ಕಣಿವೆಯೊಂದಿಗೆ ಗುರುತಿಸಿದ್ದಾರೆ. ಧರ್ಮಪ್ರಸಾರದಂಥ ಗಂಭೀರ ಪ್ರಶ್ನೆಗೆ ಗ್ರಂಥಗಳನ್ನೇ ಹುಡುಕಿಕೊಂಡು ಹೊರಟಿದ್ದ ವಿದ್ವಾಂಸನೊಬ್ಬ ಮೌಖಿಕ ಪರಂಪರೆಯನ್ನು ಆಧಾರವಾಗಿ ಒಪ್ಪಿದ್ದಾನೆ ಎಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಅಲಕ್ಷಿಸಲಾಗದ ಸಂಗತಿ. ಅವನಿಗೆ ಈ ಕಣಿವೆಯ ಜನ ಕೇವಲ ದಾರಿ ತೋರುವವರಾಗಿರಲಿಲ್ಲ. ಚರಿತ್ರೆ ಬಲ್ಲವರೂ ಆಗಿದ್ದರು.

೩

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಈ ಸಂಬಂಧ ಬದಲಾಗಿದೆ. ಪತ್ರಕರ್ತ ಇ. ಎಫ್. ನೈಟ್ ೧೮೯೧ರ ಹುಂಜಾ-ನಗರ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದೊಂದಿಗಿದ್ದು, ೧೮೯೩ರಲ್ಲಿ ‘ವೇರ್ ಥ್ರೀ ಎಂಪೈರ್ಸ್ ಮೀಟ್’ ಎಂಬ ಕೃತಿಯನ್ನು ಪ್ರಕಟಿಸಿದ. ಮೂರು ಸಾಮ್ರಾಜ್ಯಗಳು ಸಂಧಿಸುವ ತಾಣವೆಂಬ ಶೀರ್ಷಿಕೆಯೇ ಕೃತಿಯ ನಿಲುವನ್ನು ಸಾರುತ್ತದೆ. ಬ್ರಿಟನ್, ರಷ್ಯಾ, ಚೀನಾಗಳ ಗಡಿಗಳನ್ನು ಎಣಿಸಿದ ಈ ಲೆಕ್ಕದಲ್ಲಿ ನೆಲದೊಡೆಯರಾದ ನಾಲ್ಕನೆಯವರಿಗೆ ಸ್ಥಾನವಿಲ್ಲ. ನೈಟ್‌ನ ವರ್ಣನಾಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವನ ಕಣ್ಣಿಗೆ ಕೋಟೆಯು ಗೆಲ್ಲಬೇಕಾದ ಸ್ಥಳವಾಗಿ, ಕಮರಿಯು ದಾಟಬೇಕಾದ ಅಡ್ಡಿಯಾಗಿ ಕಾಣುತ್ತದೆ.

ಔರೆಲ್ ಸ್ಟೈನ್ ಅವರ ವಿದ್ವತ್ತು ಬೇರೆಯೇ ಎತ್ತರದ್ದು. ೧೯೧೩ರಲ್ಲಿ ಅವರು ದರೇಲ್ ಮತ್ತು ತಾಂಗೀರ್ ಕಣಿವೆಗಳ ಮೂಲಕ ಸಾಗಿ, ಚೀನೀ ಯಾತ್ರಿಕರ ವರದಿಗಳನ್ನು ನೆಲದ ಮೇಲಿಟ್ಟು ಪರೀಕ್ಷಿಸಿದರು. ಈ ವಿಧಾನದಿಂದ ಪ್ರಾಚೀನ ಭೂಗೋಳಕ್ಕೆ ಆದ ಲಾಭ ಅಪಾರ. ಆದರೂ ಇಲ್ಲೊಂದು ವಿರೋಧಾಭಾಸ ಎದ್ದು ಕಾಣುತ್ತದೆ. ಫಾಹಿಯಾನ್ ಜನರನ್ನು ಕೇಳಿ ಬರೆದ. ಸ್ಟೈನ್ ಅವರ ಪಾಲಿಗೆ ಫಾಹಿಯಾನ್‌ನ ಬರಹವೇ ಪ್ರಮಾಣವಾಯಿತು. ಬಾಯಿಮಾತಾಗಿ ಆರಂಭವಾದ ಆಧಾರವೊಂದು ಗ್ರಂಥಸ್ಥವಾದ ಮೇಲೆ, ಅದರ ಮೂಲವಾಗಿದ್ದ ಬಾಯಿಗಳು ಹಿನ್ನೆಲೆಗೆ ಸರಿದವು.

ಇದಕ್ಕೆ ಅಪವಾದಗಳೂ ಉಂಟು. ೧೯೦೫ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯು ಪ್ರಕಟಿಸಿದ ಗುಲಾಂ ಮುಹಮ್ಮದ್ ಅವರ ಗಿಲ್ಗಿಟ್ ಹಬ್ಬಗಳು ಹಾಗೂ ಜಾನಪದವನ್ನು ಕುರಿತ ಕೃತಿಯು ದಾರಿಯನ್ನು ಬಿಟ್ಟು ಊರನ್ನು ಕೇಂದ್ರವಾಗಿರಿಸಿಕೊಂಡಿತು. ಐರಿಷ್ ಲೇಖಕಿ ಡರ್ವ್ಲಾ ಮರ್ಫಿ ಅವರ ೧೯೬೫ರ ‘ಫುಲ್ ಟಿಲ್ಟ್’ ಈ ಸೀಮೆಯನ್ನು ಹಾದುಹೋಗುವವರ ಕಥನ; ಅವರದೇ ೧೯೭೭ರ ‘ವೇರ್ ದಿ ಇಂಡಸ್ ಈಸ್ ಯಂಗ್’ ಪುಟ್ಟ ಮಗಳೊಂದಿಗೆ ನೆರೆಯ ಬಾಲ್ಟಿಸ್ತಾನದಲ್ಲಿ ಚಳಿಗಾಲ ಕಳೆದವರ ಕಥನ. ಎರಡನೆಯದರಲ್ಲಿ ಕಾಣುವ ಮನೆವಾರ್ತೆಯ ವಿವರಗಳು ಮೊದಲನೆಯದರಲ್ಲಿ ವಿರಳ. ಹಾದುಹೋಗುವುದಕ್ಕೂ ತಂಗುವುದಕ್ಕೂ ಇರುವ ಈ ಅಂತರ ಲೇಖಕರ ಪ್ರತಿಭೆಗಿಂತ ಅವರು ನೆಲಕ್ಕೆ ಕೊಟ್ಟ ಕಾಲವನ್ನು ಅವಲಂಬಿಸಿದೆ.

೪

ಗಿಲ್ಗಿಟ್ ಪಟ್ಟಣದ ಪಶ್ಚಿಮಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ಕಾರ್ಗಾ ಹಳ್ಳದ ಬಾಯಿಯಿದೆ. ಅಲ್ಲಿಯ ಕಡಿದಾದ ಬಂಡೆಯ ಮೇಲೆ ನಿಂತ ಬುದ್ಧನ ಬೃಹತ್ ಉಬ್ಬುಶಿಲ್ಪವೊಂದನ್ನು ಕೆತ್ತಲಾಗಿದೆ. ಬಲಗೈ ಎದೆಯ ಮಟ್ಟಕ್ಕೆ ಎತ್ತಿದೆ, ಎಡಗೈ ಕೆಳಗಿದೆ. ಪ್ರವಾಸ ಕಥನಗಳು ಈ ಶಿಲ್ಪದ ಮುಂದೆ ತಪ್ಪದೆ ನಿಲ್ಲುತ್ತವೆ. ಜನರು ಇದನ್ನು ರಾಕ್ಷಸಿಯೆಂದು ತಿಳಿದಿದ್ದಾರೆಂದು ನಸುನಕ್ಕು ಮುಂದೆ ಸಾಗುತ್ತವೆ.

ಆ ಐತಿಹ್ಯವನ್ನು ಪೂರ್ತಿಯಾಗಿ ಕೇಳಬೇಕು. ಇಲ್ಲಿ ಯಚನಿ ಎಂಬ ನರಭಕ್ಷಕಿ ಇದ್ದಳು. ದಾರಿಹೋಕರ ಗುಂಪಿನಲ್ಲಿ ಅರ್ಧದಷ್ಟು ಮಂದಿಯನ್ನು ಅವಳು ತಿನ್ನುತ್ತಿದ್ದಳು: ನಾಲ್ವರು ಬಂದರೆ ಇಬ್ಬರನ್ನು, ಇಬ್ಬರು ಬಂದರೆ ಒಬ್ಬನನ್ನು. ಕೊನೆಗೆ ಮೈಮೇಲೆ ದೈವ ಬರುವ ದನ್ಯಾಲನೊಬ್ಬ ಉಪಾಯ ಹೂಡಿದ. ಐತಿಹ್ಯದ ಒಂದು ಪಾಠದಂತೆ, ಅವನು ಬಂಧುಗಳ ಸಾವಿನ ಸುದ್ದಿ ಹೇಳಿದಾಗ ಅವಳು ದುಃಖದಿಂದ ಒಂದು ಕೈಯಿಂದ ಎದೆಯನ್ನು, ಇನ್ನೊಂದರಿಂದ ತೊಡೆಯನ್ನು ಬಡಿದುಕೊಂಡಳು. ಕೈಗಳು ಹಾಗೆ ನಿಂತಲ್ಲಿಯೇ ದನ್ಯಾಲನು ಮೊಳೆ ಹೊಡೆದು ಅವಳನ್ನು ಬಂಡೆಗೆ ಬಂಧಿಸಿದ. ತಾನು ಬದುಕಿರುವವರೆಗೆ, ಸತ್ತ ಮೇಲೆ ತನ್ನನ್ನು ಈ ಬಂಡೆಯ ಬುಡದಲ್ಲಿ ಹೂಳಿದರೆ ಮುಂದೆಯೂ, ಅವಳು ಬಿಡಿಸಿಕೊಳ್ಳಲಾರಳೆಂದ. ಅವನು ಬೇರೆಡೆ ಸತ್ತರೆ ಗತಿಯೇನೆಂದು ಅಂಜಿದ ಜನ ಅವನನ್ನು ಅಲ್ಲಿಯೇ ಕೊಂದು ಹೂಳಿದರು.

ಈ ಕಥೆಯನ್ನು ಅಜ್ಞಾನವೆಂದು ತಳ್ಳಿಹಾಕುವ ಮುನ್ನ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಯಚನಿ ಎಂಬುದು ಯಕ್ಷಿಣಿ ಶಬ್ದದ ರೂಪ. ಬೌದ್ಧ ಜಗತ್ತಿನ ಪಾರಿಭಾಷಿಕ ಪದವೊಂದು ಧರ್ಮ ಬದಲಾದ ಮೇಲೂ ಶಿನಾ ಭಾಷಿಕರ ನಾಲಗೆಯ ಮೇಲೆ ಉಳಿದುಬಂದಿದೆ. ಎರಡನೆಯದಾಗಿ, ಈ ಕಥೆ ಶಿಲ್ಪವನ್ನು ಸೂಕ್ಷ್ಮವಾಗಿ ನೋಡಿದವರ ಸೃಷ್ಟಿ. ಎತ್ತಿದ ಕೈಗೆ ಒಂದು ಕಾರಣ, ಇಳಿದ ಕೈಗೆ ಇನ್ನೊಂದು ಕಾರಣ ಇಲ್ಲಿ ದೊರೆಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಎತ್ತಿದ ಬಲಗೈಯನ್ನು ವಿದ್ವಾಂಸರು ಅಭಯಮುದ್ರೆಯೆಂದು ಗುರುತಿಸುತ್ತಾರೆ. ಕಣಿವೆಯ ಬಾಯಿಯಲ್ಲಿ ನಿಂತ ಬುದ್ಧನು ದಾರಿಹೋಕನಿಗೆ ಅಂಜಬೇಡವೆನ್ನುತ್ತಾನೆ. ಐತಿಹ್ಯವೂ ಕೊನೆಗೆ ಹೇಳುವುದು ಅದನ್ನೇ: ಭಯವನ್ನು ಬಂಡೆಗೆ ಬಿಗಿಯಲಾಗಿದೆ, ಇನ್ನು ಈ ದಾರಿಯಲ್ಲಿ ನಡೆಯಬಹುದು. ಮೂರ್ತಿಯ ಹೆಸರು ತಿರುವುಮುರುವಾಗಿದೆ, ಅದರ ಕೆಲಸ ಹಾಗೆಯೇ ಉಳಿದಿದೆ. ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳನ್ನು ‘ಮೋರ್ಯರ ಮನೆ’ಗಳೆಂದು ಕರೆದು ಕುಳ್ಳ ಜನರ ಕಥೆ ಹೇಳುವ ಪರಂಪರೆಯನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಈ ಪ್ರಕ್ರಿಯೆ ಅಪರಿಚಿತವೇನಲ್ಲ.

೫

ಹಾಗೆಂದು ಮೌಖಿಕ ಪರಂಪರೆಯನ್ನು ನಿರ್ದೋಷಿಯೆಂದು ಕೊಂಡಾಡುವುದೂ ವಿಮರ್ಶೆಯಾಗದು. ಗಿಲ್ಗಿಟ್‌ನ ಪ್ರಸಿದ್ಧ ಐತಿಹ್ಯದಲ್ಲಿ ಶ್ರೀ ಬದತ್ ಎಂಬ ಇಸ್ಲಾಂಪೂರ್ವ ಅರಸನು ಮಕ್ಕಳನ್ನು ತಿನ್ನುವವನಾಗಿದ್ದಾನೆ. ಹೊರಗಿನಿಂದ ಬಂದ ರಾಜಕುಮಾರನು ಅರಸನ ಮಗಳ ನೆರವಿನಿಂದ ಅವನನ್ನು ಬೆಂಕಿಯಲ್ಲಿ ನಾಶಮಾಡಿ ಸಿಂಹಾಸನವೇರುತ್ತಾನೆ. ಗಿಲ್ಗಿಟ್ ಮತ್ತು ಹುಂಜಾಗಳ ಚಳಿಗಾಲದ ಬೆಂಕಿಯ ಹಬ್ಬಗಳು ಈ ಕಥೆಯೊಂದಿಗೆ ಬೆಸೆದುಕೊಂಡಿವೆ. ಸೋತ ವಂಶವನ್ನು ರಾಕ್ಷಸಕುಲವನ್ನಾಗಿಸಿ ಗೆದ್ದ ವಂಶಕ್ಕೆ ನ್ಯಾಯ ಒದಗಿಸುವ ತಂತ್ರ ಇಲ್ಲಿ ಸ್ಪಷ್ಟವಾಗಿದೆ. ಬುದ್ಧನನ್ನು ಯಚನಿಯನ್ನಾಗಿಸಿದ ಕಥೆಯಲ್ಲಿಯೂ ಇಂಥದೇ ಮರೆವಿನ ಕೈವಾಡವಿರಬಹುದು. ಜಾನಪದವೂ ಅಳಿಸುತ್ತದೆ. ಆದರೆ ಅಳಿಸಿದ್ದರ ಗುರುತನ್ನು ‘ಶ್ರೀ’ ಎಂಬ ಗೌರವಪದದಲ್ಲಿ, ಯಚನಿ ಎಂಬ ಹೆಸರಿನಲ್ಲಿ ಉಳಿಸಿಕೊಳ್ಳುತ್ತದೆ. ಆ ಗುರುತನ್ನು ಓದುವುದೇ ಸಂಶೋಧಕನ ಹೊಣೆ.

೧೯೩೧ನೆಯ ವರ್ಷ ಈ ದೃಷ್ಟಿಯಿಂದ ಗಮನಾರ್ಹ. ಆ ವರ್ಷ ಗಿಲ್ಗಿಟ್ ಸಮೀಪದ ನೌಪುರದ ದಿಬ್ಬವೊಂದರಲ್ಲಿ ಭೂರ್ಜಪತ್ರದ ಬೌದ್ಧ ಹಸ್ತಪ್ರತಿಗಳು ದೊರೆತವು. ಸ್ಟೈನ್ ಆ ಸುದ್ದಿಯನ್ನು ಹೊರಜಗತ್ತಿಗೆ ತಿಳಿಸಿದರು. ೧೯೩೮ರಲ್ಲಿ ಮಧುಸೂದನ ಕೌಲ್ ಉತ್ಖನನ ನಡೆಸಿದರು, ೧೯೩೯ರಿಂದ ನಲಿನಾಕ್ಷ ದತ್ತ ಸಂಪಾದನೆಗೆ ತೊಡಗಿದರು. ೨೦೧೭ರಲ್ಲಿ ಈ ಹಸ್ತಪ್ರತಿಗಳು ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಅದೇ ೧೯೩೧ರಲ್ಲಿ ಡಿ. ಎಲ್. ಆರ್. ಲೋರಿಮರ್ ಹುಂಜಾದ ಜನರಿಂದ ಕೇಳಿ ಬರೆದುಕೊಂಡ ಕೇಸರ್ ಮಹಾಕಥನದ ಮೌಖಿಕ ಪಾಠವನ್ನು ‘ಫೋಕ್‌ಲೋರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಟಿಬೆಟ್ ಮತ್ತು ಲಡಾಖಿನ ಬೌದ್ಧರಲ್ಲಿ ಹೆಸರಾದ ವೀರಕಥೆಯೊಂದು ಬುರುಶಸ್ಕಿ ಮಾತನಾಡುವ ಮುಸಲ್ಮಾನ ಸಮುದಾಯದ ಬಾಯಲ್ಲಿ ಉಳಿದಿತ್ತೆಂಬುದು ಹಸ್ತಪ್ರತಿಗಳಷ್ಟೇ ಬೆರಗಿನ ಶೋಧ. ಆದರೂ ಆ ದಾರಿಯ ಕಥನಗಳಲ್ಲಿ ಮೊದಲ ಶೋಧಕ್ಕೆ ಸಿಕ್ಕ ಸ್ಥಾನ ಎರಡನೆಯದಕ್ಕೆ ಸಿಕ್ಕಿಲ್ಲ.

೬

ಕಾರಕೋರಂ ಹೆದ್ದಾರಿ ೧೯೭೦ರ ದಶಕದ ಕೊನೆಗೆ ಪೂರ್ಣಗೊಂಡಿತು. ಅದರ ನಿರ್ಮಾಣದಲ್ಲಿ ೮೦೦ಕ್ಕೂ ಹೆಚ್ಚು ಪಾಕಿಸ್ತಾನಿ ಹಾಗೂ ೨೦೦ರಷ್ಟು ಚೀನೀ ಕೆಲಸಗಾರರು ಪ್ರಾಣ ತೆತ್ತರು. ಈ ಹೆದ್ದಾರಿಯಿಂದಾಗಿ ನದಿದಂಡೆಯ ಚಿತ್ರಿತ ಬಂಡೆಗಳು ವಿದ್ವಾಂಸರಿಗೆ ಸುಲಭವಾಗಿ ಎಟುಕಿದವು. ಕಾರ್ಲ್ ಯೆಟ್ಮಾರ್, ಎ. ಎಚ್. ದಾನಿ ಮೊದಲಾದವರು ಆರಂಭಿಸಿದ ಸಮೀಕ್ಷೆಯಿಂದ ಸುಮಾರು ೫೦,೦೦೦ ಚಿತ್ರಗಳು, ೫,೦೦೦ ಬರಹಗಳು ಬೆಳಕಿಗೆ ಬಂದಿವೆ. ಬ್ರಾಹ್ಮಿ, ಖರೋಷ್ಠಿ, ಸೋಗ್ಡಿಯನ್, ಚೀನೀ, ಹೀಬ್ರೂ ಬರಹಗಳು ಇವುಗಳಲ್ಲಿ ಸೇರಿವೆ. ಶತಿಯಾಲ್‌ನಲ್ಲಿ ಮಾತ್ರವೇ ೫೫೦ಕ್ಕೂ ಹೆಚ್ಚು ಸೋಗ್ಡಿಯನ್ ಬರಹಗಳಿವೆ. ಬಹುಪಾಲು ಬರೀ ಹೆಸರುಗಳು. ನಿಕೊಲಾಸ್ ಸಿಮ್ಸ್-ವಿಲಿಯಮ್ಸ್ ಓದಿದ ಒಂದರಲ್ಲಿ ನನೈವಂದಕ್ ಎಂಬ ಪಯಣಿಗನು ತಾನು ಬೇಗ ಗುರಿ ಸೇರಿ ಸೋದರನನ್ನು ಕ್ಷೇಮವಾಗಿ ಕಾಣುವಂತಾಗಲೆಂದು ಅಲ್ಲಿಯ ದೈವವನ್ನು ಬೇಡಿಕೊಂಡಿದ್ದಾನೆ. ಈ ದಾರಿಯ ಅತ್ಯಂತ ಚಿಕ್ಕ ಪ್ರವಾಸ ಕಥನ ಇದೇ ಇರಬೇಕು. ಇದರಲ್ಲಿ ಬೆಟ್ಟದ ವರ್ಣನೆಯಿಲ್ಲ, ಸಾಹಸದ ಹೆಮ್ಮೆಯಿಲ್ಲ. ಇಬ್ಬರಲ್ಲಿ ಒಬ್ಬನನ್ನು ಕಸಿಯುವ ಯಚನಿಯ ಕಥೆಯೂ ಈ ಹರಕೆಯೂ ಒಂದೇ ಅಂಜಿಕೆಯ ಎರಡು ದನಿಗಳು.

ಈಗ ಈ ಬಂಡೆಗಳಲ್ಲಿ ಬಹಳಷ್ಟು ನೀರಿನ ದಾರಿ ಕಾಯುತ್ತಿವೆ. ದಿಯಾಮರ್-ಭಾಷಾ ಅಣೆಕಟ್ಟಿನ ನಿರ್ಮಾಣದ ಗುತ್ತಿಗೆ ಒಪ್ಪಂದ ೨೦೨೦ರಲ್ಲಿ ಆಯಿತು. ೨೭೨ ಮೀಟರ್ ಎತ್ತರದ ಈ ಕಟ್ಟೆಯ ಹಿನ್ನೀರು ಚಿಲಾಸ್, ಥಲ್ಪನ್, ಹೋದರ್ ಸುತ್ತಲಿನ ಶಿಲಾಚಿತ್ರಗಳನ್ನು ಮುಳುಗಿಸಲಿದೆ. ಸಾವಿರಾರು ಕುಟುಂಬಗಳು ಊರು ಬಿಡಬೇಕಾಗಿದೆ. ಚಿತ್ರಗಳಿಗೆ ಛಾಯಾಚಿತ್ರ, ಅಚ್ಚು, ವಸ್ತುಸಂಗ್ರಹಾಲಯ ಎಂಬ ಪರಿಹಾರಗಳುಂಟು. ಸ್ಥಳಕ್ಕೆ ಅಂಟಿಕೊಂಡ ಐತಿಹ್ಯವನ್ನು ಹಾಗೆ ಎತ್ತಿ ಬೇರೆಡೆ ಇಡಲಾಗದು. ಕಲ್ಲು ಮುಳುಗಿ, ಅದರ ಮುಂದೆ ನಿಂತು ಕಥೆ ಹೇಳುವವರು ಬೇರೆ ಊರಿಗೆ ಹೋದ ಮೇಲೆ ಕಥೆಗೆ ನೆಲೆಯೆಲ್ಲಿ?

ದುರ್ಗಮವೆಂಬ ಮಾತಿಗೆ ಮರಳಿದರೆ, ಅದರ ನಿಜವಾದ ಅರ್ಥ ೨೦೧೦ರ ಜನವರಿ ೪ರಂದು ಹುಂಜಾದ ಅತ್ತಾಬಾದಿನಲ್ಲಿ ತಿಳಿಯಿತು. ಬೆಟ್ಟ ಕುಸಿದು ನದಿಗೆ ಅಡ್ಡಬಿದ್ದಿತು. ಹೆದ್ದಾರಿ ಸರೋವರದಡಿ ಸೇರಿತು. ೨೦೧೫ರಲ್ಲಿ ಸುರಂಗಮಾರ್ಗ ತೆರೆಯುವವರೆಗೆ ಮೇಲ್ಭಾಗದ ಜನ ದೋಣಿಗಳಲ್ಲಿ ದಾಟಿದರು. ಇಂದು ಆ ಸರೋವರವೇ ಪ್ರವಾಸಿಗಳ ನೋಟದ ತಾಣ. ಅಲ್ಲಿ ನಿಲ್ಲುವ ಪ್ರವಾಸ ಲೇಖಕನು ನೀರಿನ ಬಣ್ಣವನ್ನು ವರ್ಣಿಸಲಿ. ಅದರಡಿಯಲ್ಲಿರುವ ಊರಿನ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಫಾಹಿಯಾನ್ ಮಾಡಿದ್ದು ಇಷ್ಟೇ: ಕಷ್ಟಪಟ್ಟು ದಾಟಿದ, ದಾಟಿದ ಮೇಲೆ ಕೇಳಿದ. ಈ ಸೀಮೆಯ ಪ್ರವಾಸ ಸಾಹಿತ್ಯವು ಅವನ ಮೆಟ್ಟಿಲುಗಳನ್ನು ನೆನಪಿಟ್ಟುಕೊಂಡಿದೆ. ಅವನ ಪ್ರಶ್ನೆಯನ್ನೂ ನೆನಪಿಟ್ಟುಕೊಳ್ಳುವ ಕಾಲ ಬಂದಿದೆ. ಉತ್ತರ ಹೇಳಬಲ್ಲವರು ಇನ್ನೂ ಆ ಬಂಡೆಗಳ ಬಳಿ ಇರುವಾಗಲೇ ಅದು ಆಗಬೇಕು.