ಲೆಕ್ಕ ಹಗುರಾದರೆ ಚಾರ್ಟು ಚುರುಕು

ಬೆಳಗ್ಗೆ 9:15ಕ್ಕೆ ಶೇರುಪೇಟೆ ತೆರೆದ ಮೊದಲ ಕೆಲವು ನಿಮಿಷಗಳೇ ಚಾರ್ಟಿಗೆ ನಿಜವಾದ ಪರೀಕ್ಷೆ. ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ಮನೆಯಲ್ಲಿ ಕೂತು ಹಳೇ ಲ್ಯಾಪ್‌ಟಾಪಿನಲ್ಲಿ ಟ್ರೇಡಿಂಗ್ ಮಾಡುವವರ ಪರದೆ ತಡವರಿಸುವುದು ಆಗಲೇ. ಬೈಗುಳ ಮಾತ್ರ ಇಂಟರ್ನೆಟ್ಟಿಗೆ. ಒಮ್ಮೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಚಾರ್ಟ್ ಸಾಫ್ಟ್‌ವೇರೇ ಪ್ರೊಸೆಸರನ್ನು ನುಂಗುತ್ತಿದ್ದರೆ, ಅನುಮಾನಿಸಬೇಕಾದದ್ದು ನಾವೇ ಬರೆದುಕೊಂಡ ಇಂಡಿಕೇಟರನ್ನು.

200 ಕ್ಯಾಂಡಲ್‌ಗಳ ಮೂವಿಂಗ್ ಆವರೇಜನ್ನೇ ತೆಗೆದುಕೊಳ್ಳಿ. ಪೇಟೆ ನಡೆಯುವುದು 3:30ರವರೆಗೆ, ಅಂದರೆ ದಿನಕ್ಕೆ 375 ಒಂದು ನಿಮಿಷದ ಕ್ಯಾಂಡಲ್‌ಗಳು. 20 ದಿನಕ್ಕೆ 7,500. ಬೆಲೆ ಅಲುಗಿದಾಗಲೆಲ್ಲ ಪ್ರತಿ ಕ್ಯಾಂಡಲ್‌ಗೂ 200 ಬೆಲೆಗಳನ್ನು ಹೊಸದಾಗಿ ಕೂಡಿಸುವಂತೆ ಬರೆದಿದ್ದರೆ, ಒಂದೊಂದು ಟಿಕ್‌ಗೂ 15 ಲಕ್ಷ ಸಂಕಲನ! ಶಿರಾದ ಕಡಲೆಕಾಯಿ ಮಂಡಿಯಲ್ಲಿ ಯಾರೂ ಹೀಗೆ ಲೆಕ್ಕ ಬರೆಯುವುದಿಲ್ಲ. ಹಿಂದಿನ ಪುಟದ ಮೊತ್ತವನ್ನು ಮುಂದಕ್ಕೆ ತಂದು ಇವತ್ತಿನದನ್ನು ಸೇರಿಸುತ್ತಾರೆ. ಇಂಡಿಕೇಟರಿಗೂ ಅದೇ ಸಾಕು. ಮುಗಿದ 199 ಕ್ಯಾಂಡಲ್‌ಗಳ ಮೊತ್ತ ಇಟ್ಟುಕೊಂಡು, ಈಗಿನ ಬೆಲೆ ಕೂಡಿಸಿ, 200ರಿಂದ ಭಾಗಿಸಿದರೆ ಮುಗಿಯಿತು. ಕ್ಯಾಂಡಲ್ ಮುಗಿದಾಗ ಅದರ ಬೆಲೆ ಮೊತ್ತದೊಳಕ್ಕೆ, ಅತಿ ಹಳೆಯದು ಹೊರಕ್ಕೆ.

ಮೆಟಾಟ್ರೇಡರ್ 5ರಲ್ಲಿ ಇದಕ್ಕೆಂದೇ 'ಪ್ರೀವ್ ಕ್ಯಾಲ್ಕುಲೇಟೆಡ್' ಎಂಬ ಸಂಖ್ಯೆಯಿದೆ; ಹಿಂದಿನ ಸಲ ಎಲ್ಲಿಯವರೆಗೆ ಲೆಕ್ಕವಾಗಿತ್ತು ಎಂದು ಅದು ಹೇಳುತ್ತದೆ. ಅದನ್ನು ಬಳಸದೆ ಬಿಡಬೇಡಿ. ಅಲ್ಲಿ ಒಂದು ಶೇರಿನ ಎಲ್ಲ ಇಂಡಿಕೇಟರ್‌ಗಳೂ ಒಂದೇ ಥ್ರೆಡ್ಡಿನಲ್ಲಿ ಓಡುವುದರಿಂದ, ಒಂದು ನಿಧಾನವಾದರೆ ಉಳಿದವೂ ಕಾಯುತ್ತವೆ. ನಿಂಜಾಟ್ರೇಡರ್‌ನಲ್ಲಿ ಪ್ರತಿ ಟಿಕ್‌ಗೆ ಬದಲು ಕ್ಯಾಂಡಲ್ ಮುಗಿದಾಗಷ್ಟೇ ಲೆಕ್ಕ ಹಾಕುವ ಆಯ್ಕೆಯಿದೆ. ಮುಗಿದ ಕ್ಯಾಂಡಲ್ ನೋಡಿಯೇ ನಿರ್ಧರಿಸುವವರಿಗೆ ಅದೇ ಸರಿ. ಅಮಿಬ್ರೋಕರ್‌ನ ಫಾರ್ಮುಲಾ ಎಡಿಟರಿನಲ್ಲಿರುವ ಪ್ರೊಫೈಲರ್, ಯಾವ ಫಂಕ್ಷನ್ ಎಷ್ಟು ಸಮಯ ತಿನ್ನುತ್ತಿದೆ ಎಂದು ತೋರಿಸುತ್ತದೆ. ಟ್ರೇಡಿಂಗ್‌ವ್ಯೂ ಕಥೆ ಬೇರೆ: ಪೈನ್ ಸ್ಕ್ರಿಪ್ಟಿನ ಲೆಕ್ಕ ಅವರ ಸರ್ವರಿನಲ್ಲೇ ಆಗುತ್ತದೆ, ನಮ್ಮ ಯಂತ್ರದ ಪಾಲಿಗೆ ಬರುವುದು ಬಿಡಿಸುವ ಕೆಲಸ. ಅಲ್ಲಿ ಗೆರೆ, ಲೇಬಲ್, ಬಣ್ಣದ ಪಟ್ಟಿಗಳನ್ನು ಕಡಿಮೆ ಮಾಡಬೇಕು.

ನಮ್ಮ ಕಡೆ ಇದು ಬರೀ ನಾಜೂಕಿನ ಮಾತಲ್ಲ. ಪಾವಗಡದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲೆಕ್ಕ ಇನ್ನೂ ಹಿಂದೆ ಬೀಳುತ್ತದೆ. ಕರೆಂಟು ಹೋದಾಗ ಬ್ಯಾಟರಿಯೂ ಬೇಗ ಇಳಿಯುತ್ತದೆ, ಅದೂ ಕೈಯಲ್ಲಿ ಟ್ರೇಡ್ ಇರುವಾಗ.

ಚುರುಕಾದ ಚಾರ್ಟು ಲಾಭ ತಂದುಕೊಡುವುದಿಲ್ಲ. ಸೆಬಿಯ 2024ರ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 100ಕ್ಕೆ 93 ಬಿಡಿ ಹೂಡಿಕೆದಾರರು ನಷ್ಟ ಅನುಭವಿಸಿದ್ದಾರೆ. ಆದರೆ ತಡವಾಗಿ ಬಂದ ಬೆಲೆ ನೋಡಿ ಬಟನ್ ಒತ್ತುವುದು ಖಂಡಿತ ತಪ್ಪಿಸಬಹುದಾದ ನಷ್ಟ. ಹೊಸ ಕಂಪ್ಯೂಟರಿಗೆ ದುಡ್ಡು ಸುರಿಯುವ ಮೊದಲು, ಇಂಡಿಕೇಟರ್‌ಗಳನ್ನು ಒಂದೊಂದಾಗಿ ತೆಗೆದು ಪ್ರೊಸೆಸರ್ ಹೊರೆ ಎಷ್ಟು ಇಳಿಯುತ್ತದೆಂದು ಗಮನಿಸಿ. ನಿರ್ಧಾರಕ್ಕೆ ಬಳಸದ ಗೆರೆ ಯಾವುದಿದ್ದರೂ ಅಳಿಸಿಬಿಡಿ.